ಹ್ಯಾಂಗಾದ ಕಂಪ್ಯೂಟರೂ ಅಪ್ಪನ ಬೈಗುಳವೂ

ಅಪ್ಪನ ಚಿಮ್ಮಟ ಈಗ ನಮ್ಮ ಮನೆಯ ಕಂಪ್ಯೂಟರಿನ ಪಕ್ಕ, ಪೆನ್ನುಗಳ ಡಬ್ಬಿಯಲ್ಲಿ ತಲೆಕೆಳಗಾಗಿ ನಿಂತಿದೆ. ಚಿಮ್ಮಟವೆಂದರೆ ಅಕ್ಕಸಾಲಿಗರು ಕೆಂಡದೊಳಗಿನ ಮೂಗುಬೊಟ್ಟನ್ನೋ ಸಾಸಿವೆಕಾಳಿನಷ್ಟಿರುವ ಹರಳನ್ನೋ ಹಿಡಿಯುವ ಸಣ್ಣ ಇಕ್ಕಳ. ನೀವು ಅದನ್ನು ನೋಡಿಲ್ಲದಿದ್ದರೂ ನಿಮ್ಮ ಅಜ್ಜಿಯ ಮೂಗುಬೊಟ್ಟು ಖಂಡಿತ ನೋಡಿರುತ್ತದೆ. ಅಪ್ಪನ ಕೈಯಲ್ಲಿ ಮರ್ಯಾದೆಯಿಂದ ಚಿನ್ನ ಹಿಡಿದುಕೊಂಡಿದ್ದ ಇದಕ್ಕೆ ಕೊನೆಗಾಲದಲ್ಲಿ ಮದರ್‌ಬೋರ್ಡಿಗೆ ಕೂದಲೆಳೆಯಂಥ ವೈರು ಸಿಕ್ಕಿಸುವ ಗತಿ ಬಂದದ್ದು ನನ್ನಿಂದ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಆ ಕಂಪ್ಯೂಟರು ನಮ್ಮ ಮನೆಯಲ್ಲಿ ನಡೆಸಿದ ದರ್ಬಾರು ನೆನಪಾಗುತ್ತದೆ. ನಡೆಸಿದ್ದು ಅಂದೆನೇ? ನಡೆದದ್ದು ಕಡಿಮೆ, ನಿಂತದ್ದೇ ಹೆಚ್ಚು.

ನಾನು ಕೆ.ಆರ್. ಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ವಂಶದಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂರದೆ ಕಪ್ಪು ಹಲಗೆಯ ಮುಂದೆ ನಿಂತವರಲ್ಲಿ ಮೊದಲಿಗ. ಅಪ್ಪ ಸಂತೆಬಾಚಹಳ್ಳಿಯಲ್ಲಿ ಅಕ್ಕಸಾಲಿಗ. ಸಂತೆಯ ದಿನ ನಮ್ಮ ಜಗಲಿಯ ತುಂಬ ಹೆಂಗಸರು. ಒಬ್ಬಳಿಗೆ ಓಲೆಯ ತಿರುಪು ಸಡಿಲ, ಇನ್ನೊಬ್ಬಳಿಗೆ ತಾಳಿಯ ಗುಂಡು ಸವೆದಿದೆ. ಅಪ್ಪ ಊದುಗೊಳವೆಯನ್ನು ಬಾಯಿಂದ ತೆಗೆದಾಗಲೆಲ್ಲ ಆ ಬಾಯಿಂದ ಬರುತ್ತಿದ್ದದ್ದು ಒಂದೇ, ಬೈಗುಳ. ಗಿರಾಕಿಗಳನ್ನು ಬಯ್ಯುತ್ತಿರಲಿಲ್ಲ, ಅದೊಂದು ಸಭ್ಯತೆ ಇತ್ತು. ವಸ್ತುಗಳನ್ನು ಬಯ್ಯುತ್ತಿದ್ದ. ಹತ್ತದ ಇದ್ದಿಲು, ಕರಗದ ಬಿಳಿಗಾರ, ಬೆಸುಗೆಗೆ ಒಪ್ಪದ ಸರಿಗೆ, ಜಾರಿ ಬಿದ್ದ ಹರಳು, ಎಲ್ಲಕ್ಕೂ ಅವುಗಳ ಯೋಗ್ಯತೆಗೆ ತಕ್ಕಂತೆ ಬೇರೆಬೇರೆ ಬೈಗುಳ. "ಥೂ, ನಿನ್ ಮಕಕ್ಕಿಷ್ಟ್ ಬೂದಿ ಉಯ್ಯ, ಅಂಗ್ಯಾಕ್ ಸೆಟ್ಕೊಂಡಿದ್ದೀಯೆ?" ಎಂದು ಕಿವಿಯ ಓಲೆಯೊಂದನ್ನು ಕೇಳುತ್ತಿದ್ದ. ಓಲೆ ಆಮೇಲೆ ಸರಿಹೋಗುತ್ತಿತ್ತು. ಅಪ್ಪ ಬಯ್ಯದೆ ಮಾಡಿಕೊಟ್ಟ ಒಡವೆ ಗಟ್ಟಿಯಿಲ್ಲವೇನೋ ಎಂದು ಅನುಮಾನಪಡುವ ಗಿರಾಕಿಗಳೂ ಇದ್ದರು.

ಆ ಜಗಲಿಯನ್ನು ಗುಡಿಸುವ ಕೆಲಸ ನನ್ನದು. ಗುಡಿಸಿದ್ದನ್ನು ಆಚೆ ಹಾಕುವಂತಿರಲಿಲ್ಲ. ಅಕ್ಕಸಾಲಿಗನ ಮನೆಯ ಕಸದಲ್ಲಿ ಚಿನ್ನದ ಅರದ ಪುಡಿ ಇರುತ್ತದೆ, ಅದನ್ನು ಕೊಳ್ಳುವವರೇ ಬೇರೆ. ಹಾಗಾಗಿ ಕಸವನ್ನು ಮಡಕೆಯಲ್ಲಿ ತುಂಬಿ ದೇವರಂತೆ ಮೂಲೆಯಲ್ಲಿ ಇಡಬೇಕು. ಈಗಲೂ ತರಗತಿಯಲ್ಲಿ ಸೀಮೆಸುಣ್ಣದ ಪುಡಿ ಕೊಡವುವಾಗ ನನ್ನ ಕೈ ಒಂದು ಗಳಿಗೆ ಹಿಂಜರಿಯುತ್ತದೆ. ಅದರಲ್ಲಿ ಹುಡುಕುವಂಥದ್ದು ಏನೂ ಇಲ್ಲವೆಂದು ಮಕ್ಕಳ ಉತ್ತರಪತ್ರಿಕೆಗಳು ಪ್ರತಿವರ್ಷ ಖಚಿತಪಡಿಸುತ್ತವೆ, ಅದು ಬೇರೆ ಮಾತು.

ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆ ಪೇಟೆಯ ಮನೆಗೆ ಬಂದ. ಇಲ್ಲಿ ಬಯ್ಯಲು ಇದ್ದಿಲಿಲ್ಲ. ಆದರೆ ಮಿಕ್ಸಿ ಇತ್ತು, ನಲ್ಲಿ ಇತ್ತು, ಗೇಟಿನ ಚಿಲಕವಿತ್ತು. ನನ್ನ ಹೆಂಡತಿ ಶಾರದೆ, "ಮಾವ ಒಂದ್ಸಲ ಬೈದ್ರೆ ಸಾಕು, ಮಿಕ್ಸಿ ಹೆದರ್ಕೊಂಡು ತಿರುಗುತ್ತೆ" ಎನ್ನುತ್ತಿದ್ದಳು. ಅಂಥ ಬಾಯಿ ಹೋದ ವರ್ಷ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತಿದ್ದಂತೆ, ನಿಂತುಹೋಯಿತು. ಲೋಟ ಕೈಯಿಂದ ಜಾರಿ ಉರುಳಿತು. ಜಾರಿದ ಲೋಟವನ್ನು ಅಪ್ಪ ಸುಮ್ಮನೆ ನೋಡುತ್ತ ಕುಳಿತ. ಬಯ್ಯಲಿಲ್ಲ. ಆಗಲೇ ನಾನು ಆಂಬುಲೆನ್ಸಿಗೆ ಫೋನು ಮಾಡಿದ್ದು.

ಮೈಸೂರಿನ ಆಸ್ಪತ್ರೆಯಲ್ಲಿ ಮಿದುಳಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿದೆ ಎಂದರು. ಸಕಾಲಕ್ಕೆ ಕರೆತಂದಿದ್ದೀರಿ ಎಂದು ಮೆಚ್ಚಿಕೊಂಡರು. ಕಾಲಿಗೆ ಬಲ ಬಂತು, ಕೈ ಬಂತು, ಮಾತು ಮಾತ್ರ ಬರಲಿಲ್ಲ. ಬಂದದ್ದು ಒಂದೇ ಪದ, "ಅದು." ನೀರು ಬೇಕಾದರೂ ಅದು, ಬಚ್ಚಲಿಗೆ ಹೋಗಬೇಕಾದರೂ ಅದು, ನಾನೂ ಅದು, ಶಾರದೆಯೂ ಅದು. ಮಾತುಗಳೆಲ್ಲ ಒಳಗೆ ಇವೆ, ಬಾಯಿಗೆ ಬರುವ ದಾರಿ ಕೆಟ್ಟಿದೆ, ಅಭ್ಯಾಸ ಮಾಡಿಸಬೇಕು ಎಂದು ವೈದ್ಯರು ಹೇಳಿದರು. ಮಾತು ಕಲಿಸುವ ಹುಡುಗಿಯೊಬ್ಬಳು ಮೈಸೂರಿನಿಂದಲೇ ವಿಡಿಯೋ ಕರೆಯಲ್ಲಿ ಪಾಠ ಹೇಳುವುದೆಂದು ನಿಶ್ಚಯವಾಯಿತು. ಅವಳ ಹೆಸರು ಸಹನಾ. ಆ ಉದ್ಯೋಗಕ್ಕೆ ಬೇರೆ ಹೆಸರಿನವರನ್ನು ಸೇರಿಸಿಕೊಳ್ಳುವುದಿಲ್ಲವೋ ಏನೋ.

ಮೊಬೈಲಿನ ಪರದೆಯಲ್ಲಿ ಸಹನಾ ಅಪ್ಪನಿಗೆ ಹೆಬ್ಬೆಟ್ಟಿನಷ್ಟು ಕಾಣಿಸುತ್ತಿದ್ದಳು. "ದೊಡ್ಡ ಪರದೆ ಇದ್ರೆ ತಾತಂಗೆ ನನ್ನ ತುಟಿ ಚೆನ್ನಾಗಿ ಕಾಣುತ್ತೆ ಸರ್" ಎಂದಳು. ಒಂದು ಕಂಪ್ಯೂಟರು ಕೊಂಡು ತಂದಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಆದರೆ ನಾನು ವಿಜ್ಞಾನದ ಮೇಷ್ಟ್ರು. ವಿದ್ಯುತ್ ಮಂಡಲದ ಪಾಠವನ್ನು ಪುಸ್ತಕ ಮುಚ್ಚಿಕೊಂಡೇ ಮಾಡುವವನು. ಅಂಗಡಿಯವನು ಮಾಡಿದರೆ ಅದು ಬರಿಯ ಜೋಡಣೆ, ನಾನು ಮಾಡಿದರೆ ನಿರ್ಮಾಣ. ಬಿಡಿಭಾಗಗಳನ್ನು ತರಿಸಿ ನಾನೇ ಕಟ್ಟುತ್ತೇನೆಂದು ಘೋಷಿಸಿದೆ. ಶಾರದೆ, ಹಿಂದೆ ನಾನೇ ರಿಪೇರಿ ಮಾಡಿ, ಅಂದಿನಿಂದ ಅಟ್ಟದ ಮೇಲೆ ವಿಶ್ರಾಂತಿಯಲ್ಲಿರುವ ಇಸ್ತ್ರಿಪೆಟ್ಟಿಗೆಯ ಕಡೆ ಒಮ್ಮೆ ನೋಡಿದಳು, ಅಷ್ಟೆ.

ಪೆಟ್ಟಿಗೆಗಳು ಬಂದವು. ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಶಸ್ತ್ರಚಿಕಿತ್ಸೆಗೆ ಕುಳಿತೆ. ವೈರಿನ ತುದಿಗಳು ನನ್ನ ಬೆರಳಿಗೆ ಸಿಗದೆ ಒದ್ದಾಡುತ್ತಿದ್ದಾಗ ಅಪ್ಪ ಎದ್ದು ಹೋಗಿ ತನ್ನ ಟ್ರಂಕಿನಿಂದ ಚಿಮ್ಮಟ ತಂದು ಕೊಟ್ಟ. "ಅದು" ಎಂದ. ಸಂಜೆಗೆ ಕಂಪ್ಯೂಟರು ಹೊತ್ತಿಕೊಂಡಿತು. ಹೊತ್ತಿಕೊಂಡಿತೆಂದರೆ ದೀಪ ಹೊತ್ತಿಕೊಂಡಿತು, ಬೆಂಕಿಯಲ್ಲ. ನಾನು ಶಾರದೆಯ ಕಡೆ ನೋಡಿದೆ. ಅವಳು ಇಸ್ತ್ರಿಪೆಟ್ಟಿಗೆಯ ವಿಚಾರ ಎತ್ತಲಿಲ್ಲ. ನನ್ನ ದಾಂಪತ್ಯದ ಅಪರೂಪದ ವಿಜಯಗಳಲ್ಲಿ ಇದೂ ಒಂದು.

ಮಾರನೆಯ ದಿನದ ಪಾಠದಲ್ಲೇ ಅದು ಕಲ್ಲಾಯಿತು. ಸಹನಾ ಲೋಟದ ಚಿತ್ರ ತೋರಿಸಿ, "ತಾತ, ಇದೇನು?" ಎಂದು ಕೇಳಿ ಕಾಯುತ್ತಿದ್ದಳು. ಕಾಯುತ್ತಲೇ ಇದ್ದಳು. ಸಹನೆ ಎಂದರೆ ಇದಪ್ಪ ಎಂದು ನಾನು ಮೆಚ್ಚುತ್ತಿರುವಾಗ, ಅವಳು ಕಣ್ಣು ಮಿಟುಕಿಸುತ್ತಿಲ್ಲವೆಂದು ಶಾರದೆಗೆ ಹೊಳೆಯಿತು. ಮೌಸು ಅಲುಗುವುದಿಲ್ಲ, ಕೀಲಿ ಒತ್ತಿದರೆ ಉತ್ತರವಿಲ್ಲ. ಗುಂಡಿ ಅದುಮಿ ಹಿಡಿದು ಆರಿಸಿ ಮತ್ತೆ ಹಚ್ಚಿದರೆ ಏನೂ ಆಗಿಲ್ಲದಂತೆ ಏಳುತ್ತದೆ. ಆಮೇಲೆ ಇದು ಅದರ ದಿನಚರಿಯಾಯಿತು. ಹೊತ್ತಿಲ್ಲ, ಗೊತ್ತಿಲ್ಲ. ಒಂದು ದಿನ ಪಾಠದ ಮೊದಲಿಗೇ, ಇನ್ನೊಂದು ದಿನ ಮುಗಿಯುವಾಗ, ಮತ್ತೊಂದು ದಿನ ಸತ್ಸಂತಾನದಂತೆ ಏನೂ ತೊಂದರೆ ಕೊಡದೆ, ಮರುದಿನ ಎರಡರಷ್ಟು ವಸೂಲಿ.

ಇಂಥ ಕಾಲದಲ್ಲಿ ಸಲಹೆ ಕೊಡುವವರಿಗೆ ನಮ್ಮಲ್ಲಿ ಬರವೇ? ನಮ್ಮ ಶಾಲೆಗೆ ಶ್ರೀರಂಗಪಟ್ಟಣದಿಂದ ಓಡಾಡುವ ಗಣಿತದ ವೆಂಕಟೇಶ, "ಅರ್ತಿಂಗ್ ಸರಿಯಿಲ್ಲ ಕಣ್ರೀ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. ನಾನು ಹಿತ್ತಲಿನ ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು, ಬಿಂದಿಗೆ ಬಿಂದಿಗೆ ನೀರು ಸುರಿದೆ. ಪಕ್ಕದಲ್ಲಿದ್ದ ಕರಿಬೇವಿನ ಗಿಡ ಒಣಗಿತು. ನಾಗಮಂಗಲದಿಂದ ಅಪ್ಪನನ್ನು ನೋಡಲು ಬಂದ ಅಕ್ಕ ನಾಗರತ್ನ ಪೆಟ್ಟಿಗೆಯೊಳಗೆ ಮಿಣುಕುವ ಬಣ್ಣದ ದೀಪಗಳನ್ನು ನೋಡಿ, "ಇಂಗ್ ಮದ್ವಣಗಿತ್ತಿ ಅಂಗೆ ಸಿಂಗಾರ ಮಾಡಿ ಕಿಟಕಿ ತಾವ ಕೂರ್‍ಸಿದ್ರೆ ಕಣ್ಣಾಗ್ದೆ ಇದ್ದಾತೇನ್ಲಾ?" ಎಂದು ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ವಿಜ್ಞಾನದ ಮೇಷ್ಟ್ರ ಮನೆಯಲ್ಲಿ ಇದೆಲ್ಲವೇ ಎಂದು ನಾನು ಗದರಲಿಲ್ಲ. ಸರಿಹೋದರೆ ಸರಿಹೋಗಲಿ ಎಂದು ಕೆಮ್ಮುತ್ತ ಪಕ್ಕದಲ್ಲೇ ನಿಂತಿದ್ದೆ.

ಇಂಟರ್ನೆಟ್ಟಿನ ಕಥೆ ಕೇಳಲೇಬೇಡಿ. ಜಗತ್ತಿನ ಯಾವುದೋ ಮೂಲೆಯವನೊಬ್ಬ ನನ್ನದೇ ಸಂಕಟವನ್ನು ಅಕ್ಷರಶಃ ಬರೆದುಕೊಂಡಿರುತ್ತಾನೆ. ಓದುತ್ತ ಓದುತ್ತ ಅವನು ನನ್ನ ಒಡಹುಟ್ಟಿದವನೆಂದು ಅನ್ನಿಸುತ್ತದೆ. ಕೆಳಗೆ ಹೋದರೆ, "ಸರಿಹೋಯಿತು, ಎಲ್ಲರಿಗೂ ಧನ್ಯವಾದ" ಎಂದಿಷ್ಟೇ ಬರೆದು ಹೊರಟುಹೋಗಿರುತ್ತಾನೆ. ಹೇಗೆ ಸರಿಹೋಯಿತೆಂದು ಹೇಳಿದರೆ ಅವನ ಗಂಟೇನು ಹೋಗುತ್ತಿತ್ತು? ಉಳಿದವರೆಲ್ಲ ಹೇಳುವುದು ಆರಿಸಿ ಹಚ್ಚಿ ಎಂದು. ಅದನ್ನೇ ತಾನೆ ನಾವು ಮೂರು ಹೊತ್ತೂ ಮಾಡುತ್ತಿರುವುದು!

ಒಂದು ಮಂಗಳವಾರದ ಪಾಠದಲ್ಲಿ ಸಹನಾ ಬಾಳೆಹಣ್ಣಿನ ಚಿತ್ರ ಹಿಡಿದಿದ್ದಳು. ಅಪ್ಪ "ಅದು... ಅದು..." ಎಂದು ತಡಕಾಡಿದ. ಅವಳು ಸುಳಿವು ಕೊಡಲು ಬಾಯಿ ಅಗಲಿಸಿ "ಬಾ..." ಎಂದಳು. ಅಲ್ಲಿಗೆ ಕಂಪ್ಯೂಟರು ನಿಂತಿತು. ಪರದೆಯ ತುಂಬ ಸಹನಾಳ ತೆರೆದ ಬಾಯಿ, ಪಕ್ಕದಲ್ಲೊಂದು ಬಾಳೆಹಣ್ಣು. ನಾನು ಗುಂಡಿಯ ಕಡೆ ಕೈ ಚಾಚಿದೆ. ಅಪ್ಪ ಮಾತ್ರ ಪಾಠ ಬಿಟ್ಟಿರಲಿಲ್ಲ. ಅವನ ತುಟಿ ಆ ಬಾಯಿಯನ್ನೇ ಅನುಕರಿಸುತ್ತಿತ್ತು. "ಬಾ..." ಎಂದ. ಪರದೆಯ ಬಾಯಿ ಹಾಗೇ ತೆರೆದಿತ್ತು. "ಬಾ... ಬಾ..." ಅಪ್ಪನ ಹುಬ್ಬು ಗಂಟಿಕ್ಕಿತು. ಕುತ್ತಿಗೆಯ ನರ ಉಬ್ಬಿತು.

"ಬಾಯ್ ಮುಚ್ಚೇ, ಮೂದೇವಿ!"

ಅಡುಗೆಮನೆಯಿಂದ ಶಾರದೆ ಸೌಟು ಹಿಡಿದುಕೊಂಡೇ ಓಡಿಬಂದಳು. ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಬಗ್ಗಿದವನು ಬಗ್ಗಿಯೇ ಇದ್ದೆ. ಅಪ್ಪ ತನ್ನ ಬಾಯನ್ನು ತಾನೇ ಮುಟ್ಟಿ ನೋಡಿಕೊಂಡ. ಆಮೇಲೆ ನಮ್ಮನ್ನು ನೋಡಿ, "ಅದು" ಎಂದ. ಶಾರದೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನನಗೂ ಆ ಸೆರಗು ಬೇಕಾಗಿತ್ತು.

ಮತ್ತೆ ಕರೆ ಸಿಕ್ಕಿದಾಗ, "ತಾತ ಮಾತಾಡಿದ್ರಾ? ಏನಂದ್ರು ಸರ್? ಪೂರ್ತಿ ಹೇಳಿ" ಎಂದು ಸಹನಾ ಪೀಡಿಸಿದಳು. ಪರಸ್ಥಳದ ಹೆಣ್ಣುಮಗುವಿಗೆ ಮೂದೇವಿ ಎಂದದ್ದನ್ನು ಯಾವ ಬಾಯಿಂದ ಹೇಳಲಿ? "ಕಂಪ್ಯೂಟರಿಗೆ ಅಂದದ್ದಮ್ಮ, ನಿನಗಲ್ಲ" ಎಂದು ಪೀಠಿಕೆ ಹಾಕಿ ಒಪ್ಪಿಸಿದೆ. ಅವಳು ಚಪ್ಪಾಳೆ ತಟ್ಟಿ ನಕ್ಕಳು. "ಬೈಗುಳ, ಹಾಡು ಇವೆಲ್ಲ ಬೇರೆ ದಾರೀಲಿ ಬರ್ತವೆ ಸರ್. ಆ ದಾರಿ ತೆರೆದಿದೆ. ಅಲ್ಲಿಂದಲೇ ಮಾತಿನ ಕಡೆ ಕರ್ಕೊಂಡ್ ಬರೋಣ. ಅವರು ಬೈದ್ರೆ ತಡೀಬೇಡಿ."

ತಡೆಯುವುದೇ? ಆಮೇಲೆ ಕಂಪ್ಯೂಟರು ನಿಂತಾಗಲೆಲ್ಲ ಮನೆಮಂದಿ ಕಿವಿ ನಿಮಿರಿಸುವಂತಾಯಿತು. "ಸತ್ತೋಗ್." "ನಿನ್ ಮನೆ ಹಾಳಾಗ." "ಥೂ, ದರಿದ್ರದ್ದೆ, ಎದ್ದೇಳೇ." ಪದಗಳು ದಿನೇದಿನೇ ಉದ್ದವಾಗುತ್ತಿದ್ದವು. ಶಾರದೆ ತವರಿಗೆ ಫೋನು ಮಾಡಿ, "ಇವತ್ತು ಮಾವ 'ಲೌಡಿ' ಅಂದ್ರಮ್ಮ!" ಎಂದು ಸಂಭ್ರಮದಿಂದ ಹೇಳುತ್ತಿದ್ದಳು. ಮೊದಲ ಸಲ ಅಮ್ಮ ಎಂದ ಮೊಮ್ಮಗುವಿನ ಸುದ್ದಿಯನ್ನೂ ಯಾರೂ ಇಷ್ಟು ಹೆಮ್ಮೆಯಿಂದ ಹೇಳಿರಲಾರರು. ಪಾಠದಲ್ಲಿ ಮಾತ್ರ ಲೋಟ, ಚಮಚ, ಬಾಳೆಹಣ್ಣು ಎಲ್ಲವೂ ಮೊದಲಿನಂತೆ ಅದು. ಮಾತನಾಡುವ ಸಹನಾಳ ಮುಂದೆ ಅಪ್ಪ ವಿಧೇಯ ವಿದ್ಯಾರ್ಥಿ.

ಇಷ್ಟೆಲ್ಲ ಕಣ್ಣೆದುರಿಗೆ ನಡೆಯುತ್ತಿದ್ದರೂ, ಬುದ್ಧಿವಂತನಾದ ನಾನು ಮಾಡಿದ್ದೇನು? ಕಂಪ್ಯೂಟರನ್ನು ರಿಪೇರಿಗೆ ಹೊತ್ತುಕೊಂಡು ಹೋದೆ.

ಪಾಂಡವಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿ ಪುಟ್ಟರಾಜು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದೆ. ಪಕ್ಕದಲ್ಲಿದ್ದ ಹೆಂಗಸು ಅದನ್ನು ನೋಡಿ, "ಕೆಟ್ಟೋಗದಾ?" ಎಂದು ಕೇಳಿದಳು. ಮಿಕ್ಸರೆಂದು ತಿಳಿದಳೋ ಇನ್ವರ್ಟರೆಂದು ತಿಳಿದಳೋ, ನಾನು ಎರಡಕ್ಕೂ ಹೂಂ ಎಂದೆ. ಪುಟ್ಟರಾಜು ಅದರ ಮುಚ್ಚಳ ತೆಗೆದು, ಒಳಗಿನ ಮೆಮೊರಿ ಪಟ್ಟಿ ಕಿತ್ತು ಉಜ್ಜಿ ಮತ್ತೆ ಸಿಕ್ಕಿಸಿ, ಯಂತ್ರವನ್ನು ಸುಸ್ತುಮಾಡುವ ಪರೀಕ್ಷೆಯೊಂದನ್ನು ಹಚ್ಚಿದ. ಫ್ಯಾನು ವಿಮಾನದಂತೆ ಮೊರೆಯಿತು. ಅವನ ಅಂಗಡಿಯಲ್ಲಿ ಬಿಟ್ಟುಬಂದೆ. ಆಮೇಲೆ ಅವನೇ ಫೋನು ಮಾಡಿದ.

"ಸಾ, ನಿಮ್ ಮಿಸಿನ್ನಿಗೆ ಏನೂ ಆಗಿಲ್ಲ ಸಾ. ಬೆಳಗಿಂದ ಸಂಜೆಗಂಟ ಗೇದದೆ. ಎತ್ತು ಗೇದಂಗೆ ಗೇದದೆ. ತಕ್ಕೊಂಡೋಗ್ಬುಡಿ."

ಹೋಗಿ ತಂದೆ. ಮನೆಯಲ್ಲಿ ಹಚ್ಚಿ, ಅಪ್ಪನ ಮುಂದೆ ಒಂದು ಬಾಳೆಹಣ್ಣಿನ ಚಿತ್ರ ತೆರೆದಿಟ್ಟೆ. ನೋಡುತ್ತಿದ್ದಂತೆ ನಿಂತಿತು.

ಆಗ ನನಗೆ ನಾನೇ ಮಕ್ಕಳಿಗೆ ಹೇಳುವ ಪಾಠ ನೆನಪಾಯಿತು: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ನಾನೋ, ಉಪ್ಪು ನೀರಿನಿಂದ ಹಿಡಿದು ಮೆಣಸಿನಕಾಯಿಯವರೆಗೆ ಎಲ್ಲವನ್ನೂ ಒಟ್ಟಿಗೆ ಮಾಡಿದ್ದೆ. ಈಗ ಪುಟ್ಟರಾಜುವಿನ ಸುಸ್ತುಮಾಡುವ ಪರೀಕ್ಷೆಯನ್ನು ಹಿನ್ನೆಲೆಯಲ್ಲಿ ಓಡಲು ಬಿಟ್ಟು ಪಾಠ ಮಾಡಿಸಿದೆ. ನಿಲ್ಲಲಿಲ್ಲ. ಪರೀಕ್ಷೆ ನಿಲ್ಲಿಸಿದೆ. ಯಂತ್ರವೂ ನಿಂತಿತು. ಮತ್ತೆ ಮತ್ತೆ ಮಾಡಿ ನೋಡಿದೆ, ಅದೇ. ಮೈಮುರಿಯುವ ಕೆಲಸ ಕೊಟ್ಟರೆ ನೆಟ್ಟಗಿರುತ್ತದೆ, ಹಗುರ ಕೆಲಸ ಕೊಟ್ಟು ಆರಾಮಾಗಿರು ಎಂದರೆ ಸಾಯುತ್ತದೆ. ಕೆಲಸವಿಲ್ಲದಾಗ ಅದು ಕರೆಂಟನ್ನು ತೀರ ಕಡಿಮೆ ಎಳೆದುಕೊಳ್ಳುತ್ತಿತ್ತು. ಅಷ್ಟು ಕಡಿಮೆಗೆ ನಾನು ಆರಿಸಿ ತಂದ ಪವರ್ ಸಪ್ಲೈ ಒಗ್ಗುತ್ತಿರಲಿಲ್ಲ. ಕಂಪ್ಯೂಟರು ಕಣ್ಣು ಬಿಡುವ ಮೊದಲೇ ತೆರೆಯಬಹುದಾದ ಸೆಟ್ಟಿಂಗುಗಳ ಪುಟವೊಂದಿದೆ. ಅಲ್ಲಿ ಹುಡುಕಿದರೆ ಇದಕ್ಕೆಂದೇ ಒಂದು ಸಾಲು ಇತ್ತು. ಬಿಡುವಿನಲ್ಲೂ ಸ್ವಲ್ಪ ಗಟ್ಟಿಯಾಗಿ ಉಸಿರಾಡು ಎನ್ನುವಂಥ ಸಾಲು. ಬದಲಿಸಿದೆ.

ಅಲ್ಲಿಗೆ ಕಾಯಿಲೆ ಹೋಯಿತು. ಇಡೀ ದಿನ ಬಾಳೆಹಣ್ಣು ತೋರಿಸುತ್ತ ಕೂತರೂ ಅಲ್ಲಾಡಲಿಲ್ಲ. ವೆಂಕಟೇಶನಿಗೆ ವಿವರವಾಗಿ ಹೇಳಿದೆ. ಅವನು, "ಅಂದ್ರೆ ಅರ್ತಿಂಗೇ ಅಲ್ವೇನ್ರೀ ಒಂಥರಾ?" ಎಂದ. ಅಕ್ಕ ಫೋನಿನಲ್ಲಿ, "ನಾನ್ ನಿವಾಳ್ಸಿದ್ದು ನಿಧಾನಕ್ ಇಡೀತು ಬುಡು" ಎಂದಳು. ಯಾರು ಏನಾದರೂ ಹೇಳಿಕೊಳ್ಳಲಿ, ನಾನು ಗೆದ್ದಿದ್ದೆ. ಇಂಟರ್ನೆಟ್ಟಿಗೆ ಹೋಗಿ, ಆ ಹಳೆಯ ಪುಣ್ಯಾತ್ಮನಂತೆ ಮಾಡದೆ, ಸರಿಮಾಡಿದ ವಿಧಾನವನ್ನೂ ಬರೆದೆ. ಯಾರೂ ಓದಿದಂತೆ ಕಾಣಲಿಲ್ಲ.

ಪಾಠಗಳು ಎಡೆಬಿಡದೆ ಸಾಗಿದವು. ಸಹನಾ ಕೇಳುತ್ತಿದ್ದಳು, ಅಪ್ಪ "ಅದು" ಎನ್ನುತ್ತಿದ್ದ. ಅದು, ಅದು, ಅದು. ಮನೆ ನಿಶ್ಶಬ್ದವಾಗಿತ್ತು. ಒಂದು ದಿನ ಊಟಕ್ಕೆ ಕೂತಾಗ ಶಾರದೆ ಮಜ್ಜಿಗೆ ಬಡಿಸುತ್ತ, "ಮಾವ ಬೈದು ಎಷ್ಟು ದಿನ ಆಯ್ತು?" ಎಂದು ಕೇಳಿದಳು. ನಾನು ಅನ್ನ ಕಲೆಸುವುದನ್ನು ನಿಲ್ಲಿಸಿದೆ. ಕಂಪ್ಯೂಟರು ಸರಿಹೋದ ದಿನದಿಂದ ಅಪ್ಪ ಒಂದೇ ಒಂದು ಬೈಗುಳ ಬೈದಿರಲಿಲ್ಲ. ಮಿಕ್ಸಿಯ ಮುಂದೆ ಕೂರಿಸಿ ನೋಡಿದೆವು. ಗೇಟಿನ ಚಿಲಕ ಸಡಿಲಿಸಿ ಕೊಟ್ಟೆವು. ಅವೆಲ್ಲ ಹಳೆಯ ಪರಿಚಯಸ್ಥರು, ಅಪ್ಪ ಅವುಗಳನ್ನು ಯಾವಾಗಲೋ ಕ್ಷಮಿಸಿದ್ದ.

"ನೀವು ಅದನ್ನ ಮತ್ತೆ ಕೆಡ್ಸಿ" ಎಂದಳು ಶಾರದೆ.

"ಏನಂದೆ?"

"ಕೆಡ್ಸಿ ಅಂದೆ. ಕೆಡ್ಸೋದು ನಿಮಗೆ ಕಷ್ಟವೇನಲ್ಲ. ಇಸ್ತ್ರಿಪೆಟ್ಟಿಗೇನ ಎಷ್ಟು ಸಲೀಸಾಗಿ ಮಾಡಿದ್ರಿ."

ನನ್ನ ವೈಜ್ಞಾನಿಕ ಮನೋಭಾವಕ್ಕೆ ಆದ ಗಾಯವನ್ನು ವರ್ಣಿಸಲಾರೆ. ಮನುಷ್ಯ ಕಂಡುಹಿಡಿದದ್ದನ್ನು ಕೈಯಾರೆ ಅಳಿಸುವುದೇ? ಎರಡು ದಿನ ಬಿಗಿದುಕೊಂಡಿದ್ದೆ. ಮೂರನೆಯ ದಿನ ಅಪ್ಪ ಬಾಗಿಲ ಬಳಿ ನಿಂತು, ಏನೋ ಬೇಕಾಗಿ, "ಅದು... ಅದು..." ಎಂದು ಕೈ ಆಡಿಸುತ್ತಿದ್ದ. ನೀರು ಕೊಟ್ಟೆ, ಅಲ್ಲ. ಚಪ್ಪಲಿ ಕೊಟ್ಟೆ, ಅಲ್ಲ. ಕನ್ನಡಕ, ಟವಲು, ಅಲ್ಲ, ಅಲ್ಲ. ಕೊನೆಗೆ ಅಪ್ಪ ಕೈ ಕೆಳಗೆ ಬಿಟ್ಟು, ಏನೂ ಬೇಡವೆಂಬಂತೆ ತಲೆಯಾಡಿಸಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡ. ನಾನು ಹೋಗಿ ಆ ಸಾಲನ್ನು ಮೊದಲಿದ್ದಂತೆ ಮಾಡಿದೆ.

ಸಹನಾಳ ಪಾಠ ಹಾಳಾಗದಿರಲೆಂದು ಭಾನುವಾರ ಆರಿಸಿಕೊಂಡೆವು. ಗೋವಿಂದನಹಳ್ಳಿಯ ಪಂಚಲಿಂಗೇಶ್ವರನ ಗುಡಿಗೆ ಹೋದಾಗ ತೆಗೆದ ಫೋಟೋಗಳನ್ನು ಒಂದರ ಹಿಂದೆ ಒಂದು ಬರುವಂತೆ ಹಚ್ಚಿ ಅಪ್ಪನನ್ನು ಮುಂದೆ ಕೂರಿಸಿದೆ. ನಾನೂ ಶಾರದೆಯೂ ಹಿಂದೆ ಕುಳಿತು ಕಾದೆವು. ಅದರ ದುರಹಂಕಾರ ನೋಡಿ, ಬೇಡವೆಂದಾಗ ಗಳಿಗೆಗೊಮ್ಮೆ ನಿಲ್ಲುತ್ತಿದ್ದದ್ದು ಬೇಕೆಂದಾಗ ನಿಲ್ಲಲೊಲ್ಲದು. ಫೋಟೋಗಳೆಲ್ಲ ಮುಗಿದು ಮತ್ತೆ ಮೊದಲಿನಿಂದ ಬಂದವು. ಗೋಡೆಯ ಮೇಲಿನ ಶಿಲ್ಪಗಳ ಕೊರಳಿನ ಸರ, ತೋಳಬಂದಿಗಳನ್ನು ಅಪ್ಪ ಕಸುಬಿನವನ ಕಣ್ಣಿನಿಂದ ನೋಡುತ್ತಿದ್ದ. ನಾವು ನೋಡುತ್ತಿದ್ದದ್ದು ಮೌಸಿನ ಬಾಣವನ್ನು. ಶಾರದೆ ಕಾಫಿ ತಂದಳು. "ನಿಮ್ಮ ಕೈಗುಣ ಎಲ್ಲೋಯ್ತು?" ಎಂದು ಕಿವಿಯಲ್ಲಿ ಕೇಳಿದಳು.

ಕಾಫಿ ಅರ್ಧವಾಗುವಷ್ಟರಲ್ಲಿ, ಶಾರದೆ ಗುಡಿಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿಕೊಂಡಿರುವ ಫೋಟೋ ಬಂದು ನಿಂತಿತು. ಬದಲಾಗಲಿಲ್ಲ. ನಾನು ಮೌಸು ಅಲುಗಿಸಿದೆ. ಇಲ್ಲ. ಶಾರದೆ ಕಾಫಿ ಲೋಟ ಕೆಳಗಿಟ್ಟಳು.

ಅಪ್ಪ ಪರದೆಯನ್ನು ನೋಡಿದ. ಮುಂದಕ್ಕೆ ಬಾಗಿ ಅದರ ಅಂಚನ್ನು ಬೆರಳಿನಿಂದ ತಟ್ಟಿದ. ಹುಬ್ಬು ಗಂಟಾಯಿತು. ಬಂತು ಬಂತು ಎಂದು ಶಾರದೆ ನನ್ನ ತೋಳು ಹಿಸುಕಿದಳು. ಆದರೆ ಅಪ್ಪ ಪರದೆಗೆ ಏನೂ ಹೇಳಲಿಲ್ಲ. ಕುರ್ಚಿಯಲ್ಲೇ ನಿಧಾನವಾಗಿ ನನ್ನ ಕಡೆ ತಿರುಗಿದ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಪದಗಳನ್ನು ಒಂದೊಂದಾಗಿ, ಬಿಸಿ ಕೆಂಡದಿಂದ ಎತ್ತಿದಂತೆ, ಜೋಪಾನವಾಗಿ ಹೊರಗಿಟ್ಟ.

"ಇದು... ಸರಿಯೋಗಿತ್ತಲ್ಲ... ಏನ್ಲಾ ಮಾಡ್ದೆ... ನೀನು?"